ದೂರು ಹೋದ ಮೇಲೆ



ಆಸ್ಪತ್ರೆಯ ವಿಚಾರ ಬಂದಾಗ ನಾವು ಸಾಮಾನ್ಯವಾಗಿ ರೋಗವನ್ನು ಕುರಿತು ಮಾತನಾಡುತ್ತೇವೆ, ಇಲ್ಲವೆ ವೈದ್ಯರನ್ನು ಕುರಿತು ಮಾತನಾಡುತ್ತೇವೆ. ಹಗಲಿರುಳು ರೋಗಿಯ ಮಗ್ಗುಲಲ್ಲಿ ನಿಂತು ಕೆಲಸ ಮಾಡುವ ದಾದಿಯನ್ನು ಕುರಿತು ಆಡುವ ಮಾತು ಕಡಮೆ. ಈ ಹೊತ್ತು ನಾನು ಎತ್ತಿಕೊಂಡಿರುವುದು ಆಕೆಯ ಬಾಳಿನ ಒಂದು ಕಷ್ಟದ ಗಳಿಗೆ. ತನ್ನ ಕೈಯಿಂದ ಒಂದು ತಪ್ಪು ನಡೆದುಹೋಗಿ, ಜೊತೆಯಲ್ಲಿ ದುಡಿಯುವವಳೇ ಅದನ್ನು ಮೇಲಿನವರಿಗೆ ತಿಳಿಸಿದಾಗ ಆಕೆ ಏನು ಮಾಡಬೇಕು? ಅದನ್ನು ಹೇಗೆ ತಾಳಿಕೊಳ್ಳಬೇಕು?

‘ಇದು ಆಸ್ಪತ್ರೆಯವರ ಮಾತು, ನಮಗೇಕೆ?’ ಎಂದು ನೀವು ಕೇಳಬಹುದು. ಮಗಳೋ ಸೊಸೆಯೋ ನರ್ಸ್ ಕೆಲಸಕ್ಕೆ ಹೋಗುವ ಮನೆಗಳು ನಮ್ಮ ಪೇಟೆಬೀದಿಗಳಲ್ಲಿ ಈಗ ಅಪರೂಪವಲ್ಲ. ಅಂಥ ಮನೆ ನಿಮ್ಮದಲ್ಲದಿದ್ದರೂ, ಒಂದಲ್ಲ ಒಂದು ದಿನ ದಾದಿಯ ಕೈಗೆ ತೋಳು ಒಡ್ಡದವರು ನಮ್ಮಲ್ಲಿ ಯಾರೂ ಇಲ್ಲ. ಸರ್ಕಾರದ ಕಡತಗಳಲ್ಲಿ ಈಗ ಅವರ ಹೆಸರು ಶುಶ್ರೂಷಾಧಿಕಾರಿ. ಗಂಡಸರೂ ಈ ಕೆಲಸದಲ್ಲಿದ್ದಾರೆ. ಮಾತಿನ ಅನುಕೂಲಕ್ಕಾಗಿ ನಾನು ‘ದಾದಿ’ ಎಂದೂ ‘ಆಕೆ’ ಎಂದೂ ಹೇಳುತ್ತೇನೆ.

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ನೆನಪಿಗೆ ತಂದುಕೊಳ್ಳೋಣ. ಹಾಸನ ಬಿಟ್ಟು ಆಲೂರು ದಾಟಿದರೆ ಬಯಲು ಹಿಂದಾಗಿ ಗುಡ್ಡಗಳು ಎದುರಾಗುತ್ತವೆ. ಸಕಲೇಶಪುರದಿಂದ ಒಳಕ್ಕೆ ಹಾನುಬಾಳು, ಹೆತ್ತೂರು, ಯಸಳೂರುಗಳ ಕಡೆ ಹೋದರೆ ಕಾಫಿ ತೋಟಗಳ ನಡುವೆ ಮನೆಗಳು ಚದುರಿಕೊಂಡಿವೆ. ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳುವಂತಿಲ್ಲ. ದಾರಿಗೆ ಮರ ಬಿದ್ದರೆ ಗಾಡಿ ನಿಂತಿತು. ಕಾಯಿಲೆ ಬಿಗಡಾಯಿಸಿದವರನ್ನು ಮೊದಲು ಸಕಲೇಶಪುರಕ್ಕೆ, ಅಲ್ಲೂ ಆಗದಿದ್ದರೆ ಸುಮಾರು 40 ಕಿಲೋಮೀಟರು ದೂರದ ಹಾಸನಕ್ಕೆ ಕರೆತರಬೇಕು. ಇಂಥ ಕಡೆಯ ಚಿಕ್ಕ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಗೆ ಒಬ್ಬಳೇ ದಾದಿ ಇರುವುದುಂಟು. ಹೆರಿಗೆಯಾದರೂ ಆಕೆಯೇ, ಹಾವು ಕಚ್ಚಿದವರು ಬಂದರೂ ಆಕೆಯೇ.

ಇನ್ನೊಂದು ಮಾತು. ದೊಡ್ಡ ಪಟ್ಟಣದ ಆಸ್ಪತ್ರೆಯಲ್ಲಿ ಜೊತೆಯವರ ಮುಖವನ್ನು ಪಾಳಿ ಮುಗಿದ ಮೇಲೆ ನೋಡದೆಯೇ ಇರಬಹುದು. ಇಲ್ಲಿ ಹಾಗಲ್ಲ. ದೂರು ಕೊಟ್ಟವಳು ನಾಳೆ ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕುಳಿತಿರುತ್ತಾಳೆ. ಸಂತೆಯಲ್ಲಿ ಸಿಗುತ್ತಾಳೆ. ಇಬ್ಬರ ಮಕ್ಕಳೂ ಒಂದೇ ಶಾಲೆಗೆ ಹೋಗುತ್ತಿರುತ್ತಾರೆ. ಮಲೆನಾಡಿನ ಚಿಕ್ಕ ಊರಿನಲ್ಲಿ ದೂರು ಎಂಬುದು ಆಸ್ಪತ್ರೆಯ ಗೋಡೆಯೊಳಗೆ ನಿಲ್ಲುವುದಿಲ್ಲ. ಆದ್ದರಿಂದಲೇ ಅದರ ನೋವು ಹೆಚ್ಚು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಆಸ್ಪತ್ರೆಯಲ್ಲಿ ಮಲಗಿದ್ದಾರೆ. ರಾತ್ರಿ ಊಟಕ್ಕೆ ಮುಂಚೆ 20 ಯೂನಿಟ್ ಇನ್ಸುಲಿನ್ ಕೊಡಬೇಕೆಂದು ವೈದ್ಯರು ಬರೆದಿದ್ದಾರೆ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಬಲದಲ್ಲಿ ಸಿಗುತ್ತದೆ. ಮಿಲಿಲೀಟರಿಗೆ 40 ಯೂನಿಟ್ಟಿನದು ಒಂದು, 100 ಯೂನಿಟ್ಟಿನದು ಇನ್ನೊಂದು. ಅದಕ್ಕೆ ತಕ್ಕಂತೆ ಸಿರಿಂಜುಗಳೂ ಬೇರೆ ಬೇರೆ. ಸಾಮಾನ್ಯವಾಗಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಆ ಆಸ್ಪತ್ರೆಯಲ್ಲಿ ಯಾವಾಗಲೂ 40ರ ಸೀಸೆಯೇ ಇರುತ್ತಿತ್ತು, ಆ ವಾರ ಮಾತ್ರ 100ರದು ಬಂದಿದೆ. ದೀಪ ಮಂಕಾಗಿದೆ. ಆ ಕಡೆ ಹೆರಿಗೆ ನೋವಿನವರೊಬ್ಬರು ಕೂಗುತ್ತಿದ್ದಾರೆ. ದಾದಿ ರೂಢಿಯಂತೆ ಕೆಂಪು ಮುಚ್ಚಳದ ಸಿರಿಂಜನ್ನೇ ತೆಗೆದು 20ರ ಗೆರೆಯವರೆಗೆ ಎಳೆದು ಚುಚ್ಚಿದಳು. ಆ ಗೆರೆಗೆ ಬರುವುದು ಅರ್ಧ ಮಿಲಿಲೀಟರು. 100ರ ಸೀಸೆಯಿಂದ ತೆಗೆದ ಅರ್ಧ ಮಿಲಿಲೀಟರಿನಲ್ಲಿ ಇರುವುದು 50 ಯೂನಿಟ್. ಇಪ್ಪತ್ತರ ಬದಲು ಐವತ್ತು, ಅಂದರೆ ಎರಡೂವರೆ ಪಟ್ಟು!

ನಡುರಾತ್ರಿಯಲ್ಲಿ ರೋಗಿ ಬೆವರಿದರು, ನಡುಗಿದರು, ತಡವರಿಸಿ ಮಾತನಾಡಿದರು. ದಾದಿ ಚುರುಕಾದವಳು. ಸಕ್ಕರೆ ಇಳಿದಿದೆಯೆಂದು ಕಂಡುಕೊಂಡು ಗ್ಲೂಕೋಸ್ ಕೊಟ್ಟಳು. ರೋಗಿ ಚೇತರಿಸಿಕೊಂಡರು. ಊಟ ಸಾಲದೆ ಹೀಗಾಗಿರಬೇಕು ಎಂದುಕೊಂಡು ಹಾಗೆಯೇ ಬರೆದಿಟ್ಟಳು. ಬೆಳಗ್ಗೆ ಪಾಳಿಗೆ ಬಂದ ಇನ್ನೊಬ್ಬಳು ತಟ್ಟೆಯಲ್ಲಿದ್ದ ಸೀಸೆಯನ್ನೂ ಸಿರಿಂಜನ್ನೂ ನೋಡಿ ಎರಡನ್ನೂ ಕೂಡಿಸಿ ಲೆಕ್ಕ ಹಾಕಿದಳು. ನೇರವಾಗಿ ವೈದ್ಯಾಧಿಕಾರಿಗೆ ತಿಳಿಸಿದಳು. ರಾತ್ರಿಯವಳು ಮನೆ ಸೇರಿ ಮಲಗುವ ಹೊತ್ತಿಗೆ ಫೋನು ಬಂತು: ‘ನಡೆದದ್ದನ್ನು ಬರೆದುಕೊಡಿ.’ ಮಧ್ಯಾಹ್ನದೊಳಗೆ ಆಯಾಗೂ ಗೊತ್ತು, ಡ್ರೈವರಿಗೂ ಗೊತ್ತು.

ಇಂಥ ಹೊತ್ತಿನಲ್ಲಿ ಮನಸ್ಸಿಗೆ ಮೊದಲು ಬರುವ ಪ್ರಶ್ನೆ ಯಾವುದು? ‘ಯಾರು ಹೇಳಿದರು?’ ಎಂಬುದು. ಅದರ ಹಿಂದೆಯೇ, ‘ನನಗೆ ಒಂದು ಮಾತು ಹೇಳಬಾರದಿತ್ತೆ? ಅವಳೇನು ತಪ್ಪು ಮಾಡದವಳೆ?’ ಎಂಬ ಸಂಕಟ. ಇದು ಸಹಜ. ಆದರೆ ನಾನು ಈ ದಿನ ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟೆ: ಮೊದಲ ಪ್ರಶ್ನೆ ‘ರೋಗಿ ಹೇಗಿದ್ದಾರೆ?’ ಎಂದಾಗಬೇಕು. ಈ ಒಂದು ಪ್ರಶ್ನೆಯನ್ನು ಮುಂದಕ್ಕೆ ತಂದುಕೊಂಡರೆ ಉಳಿದದ್ದೆಲ್ಲ ತನ್ನ ತನ್ನ ಜಾಗಕ್ಕೆ ಬಂದು ಕೂಡುತ್ತದೆ.

ಏಕೆ ಹೀಗೆನ್ನುತ್ತೇನೆಂದರೆ, ನಮ್ಮ ಉದಾಹರಣೆಯಲ್ಲಿ ಆ ಹಿರಿಯರ ಅಪಾಯ ರಾತ್ರಿಗೇ ಮುಗಿದಿರಲಿಲ್ಲ. ಕೆಲವು ಬಗೆಯ ಇನ್ಸುಲಿನ್ನಿನ ಪ್ರಭಾವ ಹಲವು ಗಂಟೆಗಳ ಕಾಲ ಉಳಿಯುತ್ತದೆ. ಊಟ ಸಾಲದ್ದರಿಂದ ಸಕ್ಕರೆ ಇಳಿದಿದ್ದರೆ ಒಂದು ಲೋಟ ಸಕ್ಕರೆ ನೀರು, ಎರಡು ಇಡ್ಲಿ ಸಾಕಾದೀತು. ಔಷಧಿ ಎರಡೂವರೆ ಪಟ್ಟಾಗಿದ್ದರೆ ಸಕ್ಕರೆ ಮತ್ತೆ ಮತ್ತೆ ಇಳಿಯಬಹುದು. ದಿನವೆಲ್ಲ ಕಾದು, ರಕ್ತ ಪರೀಕ್ಷಿಸಿ ನೋಡಬೇಕು. ಬೆಳಗಿನ ದಾದಿ ಬಾಯಿ ಮುಚ್ಚಿಕೊಂಡಿದ್ದರೆ, ಅಥವಾ ‘ಸಂಜೆ ಅವಳು ಬರಲಿ, ಅವಳಿಗೇ ಹೇಳೋಣ’ ಎಂದು ಕಾದಿದ್ದರೆ, ಅಷ್ಟರಲ್ಲಿ ಏನಾಗುತ್ತಿತ್ತೋ! ಆಕೆಯ ಮಾತಿನಿಂದ ರೋಗಿಯ ಜೀವ ಉಳಿಯಿತು. ರಾತ್ರಿಯ ದಾದಿಯೂ ಒಂದು ಸಾವಿನ ಭಾರದಿಂದ ಪಾರಾದಳು. ಈ ಎರಡನೆಯ ಲಾಭ ಸಿಟ್ಟಿನ ಭರದಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಚಾಡಿಗೂ ವರದಿಗೂ ವ್ಯತ್ಯಾಸವುಂಟು. ರೋಗಿಗೆ ಆದದ್ದನ್ನು, ಅದನ್ನು ಸರಿಪಡಿಸಬಲ್ಲವರಿಗೆ ಹೇಳುವುದು ವರದಿ. ಅದೇ ಮಾತನ್ನು ಕಾಫಿ ಕುಡಿಯುವ ಹೊತ್ತಿನಲ್ಲಿ ಸಂಬಂಧವಿಲ್ಲದವರ ಮುಂದೆ ಹರಡುವುದು ಚಾಡಿ. ಜೊತೆಯವಳು ಮಾಡಿದ್ದು ಮೊದಲನೆಯದಾದರೆ ಆಕೆ ತನ್ನ ಕರ್ತವ್ಯ ಮಾಡಿದಳು. ‘ಅಕ್ಕಾ, ಹೀಗಾಗಿದೆ, ನಾನು ಡಾಕ್ಟರಿಗೆ ಹೇಳುತ್ತಿದ್ದೇನೆ’ ಎಂದು ನಿಮಗೂ ಒಂದು ಫೋನು ಮಾಡಿದ್ದರೆ ಚೆನ್ನಾಗಿತ್ತು, ನಿಜ. ಮಾಡಲಿಲ್ಲವೆಂಬ ನೋವು ನ್ಯಾಯವಾದದ್ದೇ. ಆದರೆ ಆ ನೋವಿನಿಂದ ವರದಿ ಸುಳ್ಳಾಗುವುದಿಲ್ಲ. ಎರಡನೆಯದನ್ನೂ ಆಕೆ ಮಾಡಿದ್ದರೆ ಅದನ್ನು ಬೇರೆ ವಿಷಯವಾಗಿಯೇ ಮೇಲಿನವರ ಮುಂದೆ ಇಡಿ. ನಿಮ್ಮ ತಪ್ಪಿಗೆ ಕೊಡುವ ಉತ್ತರದಲ್ಲಿ ಅದನ್ನು ಬೆರೆಸಬೇಡಿ.

ಅಂದೇ ಆಕೆಯೊಡನೆ ಜಗಳಕ್ಕೆ ನಿಲ್ಲುವುದು ಬೇಡ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಎರಡು ಮೂರು ದಿನ ಕಳೆಯಲಿ. ಆಮೇಲೆ ಇಬ್ಬರೇ ಇದ್ದಾಗ, ‘ನೀವು ಹೇಳಿದ್ದು ರೋಗಿಗೆ ಒಳ್ಳೆಯದಾಯಿತು. ಮುಂದೆ ಹೀಗೇನಾದರೂ ಕಂಡರೆ ನನಗೂ ತಿಳಿಸಿ’ ಎಂದು ಹೇಳಿ. ಅಷ್ಟು ಸಾಕು. ಸ್ನೇಹ ಹಿಂದಿನಂತೆ ಬೆಳೆಯಲಿ, ಬಿಡಲಿ, ಪಾಳಿ ಬದಲಾಗುವಾಗ ಒಬ್ಬರಿಗೊಬ್ಬರು ರೋಗಿಯ ಸ್ಥಿತಿಯನ್ನು ತಿಳಿಸುವ ಮಾತಂತೂ ನಿಲ್ಲಕೂಡದು. ಇಬ್ಬರು ದಾದಿಯರು ಮಾತು ಬಿಟ್ಟರೆ ಅದರ ದಂಡ ತೆರುವವನು ರೋಗಿ.

ಇನ್ನು ಬರವಣಿಗೆಯ ವಿಷಯ. ಇಲ್ಲಿ ಎಚ್ಚರಿಕೆ ಬಹಳ ಬೇಕು. ಏನು ಕೊಟ್ಟಿರಿ, ಎಷ್ಟು ಕೊಟ್ಟಿರಿ, ಎಷ್ಟು ಗಂಟೆಗೆ ಕೊಟ್ಟಿರಿ, ರೋಗಿಯಲ್ಲಿ ಏನು ಕಂಡಿರಿ, ಯಾರಿಗೆ ತಿಳಿಸಿದಿರಿ ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆಯಿರಿ. ಕೇಸ್ ಶೀಟಿನಲ್ಲಿ ಹಿಂದೆ ಬರೆದದ್ದನ್ನು ಅಳಿಸುವುದು, ಕೆರೆಯುವುದು, ಹಾಳೆ ಬದಲಿಸುವುದು ಖಂಡಿತ ಕೂಡದು. ತಿದ್ದಬೇಕಾದರೆ ಹಳೆಯದು ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ದಿನಾಂಕ, ಹೊತ್ತು, ಸಹಿ ಹಾಕಬೇಕು. ಅಳತೆಯ ತಪ್ಪನ್ನು ಕೈತಪ್ಪೆಂದು ಕ್ಷಮಿಸುವವರುಂಟು. ದಾಖಲೆ ತಿದ್ದಿದ್ದನ್ನು ಮೋಸವೆಂದೇ ಎಲ್ಲರೂ ಎಣಿಸುತ್ತಾರೆ.

ಮೇಲಿನಿಂದ ಕಾರಣ ಕೇಳಿ ನೋಟೀಸು ಬಂದರೆ ಎದೆ ನಡುಗುವುದು ಸಹಜ. ಆದರೆ ನೋಟೀಸು ಶಿಕ್ಷೆಯಲ್ಲ, ಅದೊಂದು ಪ್ರಶ್ನೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರ ಮೇಲಿನ ವಿಚಾರಣೆಗೆ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಿವೆ. ದೊಡ್ಡ ದಂಡನೆ ವಿಧಿಸಬೇಕಾದರೆ ಆರೋಪವನ್ನು ಬರೆದುಕೊಡಬೇಕು, ಉತ್ತರಕ್ಕೆ ಅವಕಾಶ ಕೊಡಬೇಕು, ಆರೋಪಕ್ಕೆ ಆಧಾರವಾದ ಕಾಗದಗಳನ್ನು ನೋಡಗೊಡಬೇಕು. ಆಮೇಲೆ ಮೇಲ್ಮನವಿಯೂ ಉಂಟು. ವಿಚಾರಣೆಯಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ ಎಂಬ ರಕ್ಷಣೆಯನ್ನು ಸಂವಿಧಾನದ 311ನೆಯ ವಿಧಿಯೇ ಕೊಟ್ಟಿದೆ. ಗುತ್ತಿಗೆಯ ಮೇಲೆ ದುಡಿಯುವವರಿಗೆ ಈ ರಕ್ಷಣೆ ಇಷ್ಟು ಗಟ್ಟಿಯಾಗಿಲ್ಲ. ಆದಕಾರಣ ಅವರು ಕೊಟ್ಟ, ಪಡೆದ ಪ್ರತಿ ಕಾಗದದ ನಕಲನ್ನೂ ಇನ್ನಷ್ಟು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಉತ್ತರ ಬರೆಯುವಾಗ ಮೂರು ಮಾತು ನೆನಪಿರಲಿ. ಒಂದು, ನಡೆದದ್ದನ್ನು ನಡೆದ ಹಾಗೆ, ವಿಶೇಷಣಗಳಿಲ್ಲದೆ ಬರೆಯಿರಿ. ಎರಡು, ಬೇರೆಯವರನ್ನು ದೂರದೆ, ಆದರೆ ಅಂದಿನ ಸ್ಥಿತಿಯನ್ನು ಮರೆಮಾಚದೆ ಹೇಳಿ. ಹೊಸ ಬಲದ ಔಷಧಿ ಬಂದದ್ದನ್ನು ಯಾರೂ ತಿಳಿಸಿರಲಿಲ್ಲ, ಅದಕ್ಕೆ ತಕ್ಕ ಸಿರಿಂಜು ಕಪಾಟಿನಲ್ಲಿರಲಿಲ್ಲ, ಪಾಳಿಯಲ್ಲಿ ಒಬ್ಬಳೇ ಇದ್ದೆ ಎಂಬುದು ನೆಪವಲ್ಲ, ಸಂಗತಿ. ಮೂರು, ಮತ್ತೆ ಹೀಗಾಗದಂತೆ ನೀವು ಏನು ಮಾಡುತ್ತಿದ್ದೀರಿ ಎಂಬುದನ್ನು ಸೇರಿಸಿ. ಬರೆದದ್ದನ್ನು ಕಳಿಸುವ ಮುನ್ನ ಅನುಭವವುಳ್ಳ ಹಿರಿಯ ದಾದಿಯೊಬ್ಬರಿಗೋ ಸಂಘದವರಿಗೋ ತೋರಿಸಿ. ಯಾರೋ ಬರೆದು ತಂದ ಹೇಳಿಕೆಗೆ ಓದದೆ ಸಹಿ ಹಾಕಬೇಡಿ.

‘ಪೊಲೀಸು, ಕೋರ್ಟು ಎಂದಾದರೆ?’ ಎಂಬ ಭಯವೂ ಇರುತ್ತದೆ. ಪಂಜಾಬಿನಲ್ಲಿ 1995ರಲ್ಲಿ ಉಸಿರಾಟದ ತೊಂದರೆಯಾದ ರೋಗಿಗೆ ತಂದ ಆಮ್ಲಜನಕದ ಸಿಲಿಂಡರು ಖಾಲಿಯಾಗಿದ್ದು, ಆ ರೋಗಿ ತೀರಿಕೊಂಡದ್ದರ ಮೇಲೆ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2005ರಲ್ಲಿ ತೀರ್ಪು ಕೊಟ್ಟಿತು. ಜೇಕಬ್ ಮ್ಯಾಥ್ಯೂ ಮೊಕದ್ದಮೆ ಎಂದು ಅದು ಹೆಸರಾಗಿದೆ. ವೈದ್ಯವೃತ್ತಿಯವರ ಪ್ರತಿಯೊಂದು ತಪ್ಪೂ ಅಪರಾಧವಲ್ಲ, ಕ್ರಿಮಿನಲ್ ಹೊಣೆ ಹೊರಿಸಬೇಕಾದರೆ ಅಜಾಗರೂಕತೆ ಬಹಳ ಘೋರವಾಗಿರಬೇಕು ಎಂಬುದು ಅದರ ಸಾರ. ರೋಗಿಗೆ ಭಾರಿ ಹಾನಿಯಾಗಿದ್ದರೆ ಮಾತ್ರ ವಕೀಲರ ಸಲಹೆ ಪಡೆಯದೆ ಮುಂದುವರಿಯಬಾರದು.

ಇಲ್ಲಿ ಮೇಲಧಿಕಾರಿಗಳಿಗೂ ಒಂದು ಮಾತು ಹೇಳಬೇಕಾಗಿದೆ. ನಮ್ಮ ಆಲೂರು, ಸಕಲೇಶಪುರದ ತೋಟಗಾರರಿಗೆ ಆನೆಯ ವಿಷಯ ಹೇಳಿಕೊಡಬೇಕಾಗಿಲ್ಲ. ಕಂದಕವುಂಟು, ಸೋಲಾರ್ ಬೇಲಿಯುಂಟು, ಕಾವಲುಗಾರನುಂಟು. ಆದರೂ ಆನೆ ಒಳಗೆ ಬರುತ್ತದೆ. ಹೇಗೆ? ಕಂದಕ ಕುಸಿದ ಕಡೆಯಲ್ಲೇ ಬೇಲಿಯ ತಂತಿ ಹರಿದಿರುತ್ತದೆ, ಆ ಹೊತ್ತಿಗೇ ಕಾವಲುಗಾರ ಊಟಕ್ಕೆ ಹೋಗಿರುತ್ತಾನೆ. ಬೆಳಗ್ಗೆ ಕಾವಲುಗಾರನೊಬ್ಬನನ್ನೇ ಬೈದು ಕಳಿಸಿದರೆ ನಾಳೆಯೂ ಆನೆ ಅದೇ ದಾರಿಯಲ್ಲಿ ಬರುತ್ತದೆ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಎಂಬವರು ಅಪಘಾತಗಳನ್ನು ಕುರಿತು ಇದೇ ಬಗೆಯ ಮಾತನ್ನು ಹೇಳಿ ಪ್ರಸಿದ್ಧರಾದರು. ರಕ್ಷಣೆಯ ಒಂದೊಂದು ಪದರದಲ್ಲೂ ತೂತುಗಳಿವೆ, ಅವೆಲ್ಲ ಒಂದೇ ಸಾಲಿಗೆ ಬಂದಾಗ ಅಪಘಾತ ನಡೆಯುತ್ತದೆ ಎಂದು ಅವರ ವಾದ. ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಒಂದು ಹೆಸರಾಂತ ವರದಿ ಅಲ್ಲಿಯ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಚಿಕಿತ್ಸೆಯ ತಪ್ಪುಗಳಿಂದ ಸಾಯುತ್ತಿರಬಹುದೆಂದು ಅಂದಾಜು ಮಾಡಿತು. ಅಷ್ಟು ಸಾಧನಸಂಪತ್ತಿರುವ ದೇಶದಲ್ಲೇ ಹೀಗಿರುವಾಗ, ಅದನ್ನೆಲ್ಲ ಕೆಟ್ಟ ದಾದಿಯರ ತಲೆಗೆ ಕಟ್ಟಲಾದೀತೆ?

ಶಿಕ್ಷೆಯ ಭಯ ಹೆಚ್ಚಾದಷ್ಟೂ ತಪ್ಪು ಒಳಗೆ ಅಡಗುತ್ತದೆ. ಅದೇ ದೇಶದ ನ್ಯಾಶ್‌ವಿಲ್ ನಗರದಲ್ಲಿ 2017ರ ಡಿಸೆಂಬರಿನಲ್ಲಿ ರಡಾಂಡಾ ವಾಟ್ ಎಂಬ ದಾದಿ, ಮನಸ್ಸು ಶಾಂತಗೊಳಿಸುವ ಔಷಧಿಯ ಬದಲು ಸ್ನಾಯುಗಳನ್ನು ಸ್ತಂಭಿಸುವ ಔಷಧಿಯನ್ನು ಕೊಟ್ಟುಬಿಟ್ಟರು. ಎರಡರ ಹೆಸರೂ ಇಂಗ್ಲಿಷಿನಲ್ಲಿ ಅವೇ ಎರಡು ಅಕ್ಷರಗಳಿಂದ ಮೊದಲಾಗುತ್ತವೆ. ರೋಗಿ ತೀರಿಕೊಂಡರು. ದಾದಿ ತಾನೇ ತಪ್ಪನ್ನು ಒಪ್ಪಿಕೊಂಡಿದ್ದರೂ 2022ರ ಮಾರ್ಚಿನಲ್ಲಿ ನ್ಯಾಯಾಲಯ ಅವರನ್ನು ಅಪರಾಧಿಯೆಂದು ತೀರ್ಮಾನಿಸಿತು. ಮೇ ತಿಂಗಳಲ್ಲಿ ಸೆರೆಮನೆಗೆ ಕಳಿಸದೆ ಮೂರು ವರ್ಷ ನಿಗಾದಲ್ಲಿಟ್ಟಿತು. ‘ನಿಜ ಹೇಳಿದವರಿಗೆ ಇದೇ ಗತಿಯಾದರೆ ನಾಳೆ ನಿಜ ಹೇಳುವವರಾರು?’ ಎಂದು ಆ ದೇಶದ ದಾದಿಯರು ಕೇಳಿದರು. ಸತ್ತವರ ಮನೆಯವರ ದುಃಖವೂ ದೊಡ್ಡದೇ. ಆದರೆ ಮುಂದಿನ ರೋಗಿಯನ್ನು ಉಳಿಸುವ ದಾರಿ ಯಾವುದು ಎಂಬ ಪ್ರಶ್ನೆ ನಮ್ಮೆಲ್ಲರದೂ ಹೌದು.

ಈಗ ಮನಸ್ಸಿನ ಮಾತು. ತಪ್ಪಿನಿಂದ ರೋಗಿ ನೊಂದರೆ ಅವರ ಹಿಂದೆಯೇ ನೋಯುವವರು ಆ ತಪ್ಪು ಮಾಡಿದವರು. 2000ದಲ್ಲಿ ಆಲ್ಬರ್ಟ್ ವೂ ಎಂಬ ವೈದ್ಯರು ಅವರನ್ನು ‘ಎರಡನೆಯ ಬಲಿ’ ಎಂದು ಕರೆದರು. ನಿದ್ದೆ ಬರುವುದಿಲ್ಲ. ಊಟ ಸೇರುವುದಿಲ್ಲ. ಸಿರಿಂಜು ಹಿಡಿದರೆ ಕೈ ನಡುಗುತ್ತದೆ. ಆಸ್ಪತ್ರೆಯ ಗೇಟು ಕಂಡರೆ ಹೊಟ್ಟೆ ತೊಳಸುತ್ತದೆ. ಇದು ಹೇಡಿತನವಲ್ಲ, ತನ್ನ ಕೆಲಸವನ್ನು ಪ್ರೀತಿಸುವವರಿಗೆ ಬರುವ ನೋವು. ಅದಕ್ಕೆ ಮದ್ದೂ ಇದೆ. ನಂಬುವ ಒಬ್ಬರ ಮುಂದೆ ಎಲ್ಲವನ್ನೂ ಹೇಳಿಕೊಳ್ಳಿ. ರಜೆ ಹಾಕಿ ಕತ್ತಲೆಯ ಕೋಣೆಯಲ್ಲಿ ಕೂರುವ ಬದಲು, ಆದಷ್ಟು ಬೇಗ ಕೆಲಸಕ್ಕೆ ಮರಳಿ. ಮೊದಲ ಕೆಲವು ದಿನ ಅಪಾಯದ ಔಷಧಿಗಳನ್ನು ಇನ್ನೊಬ್ಬರಿಗೆ ತೋರಿಸಿ, ಇಬ್ಬರೂ ಓದಿ ಕೊಡಿ. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಅಳತೆ, ಸರಿಯಾದ ದಾರಿ, ಸರಿಯಾದ ಹೊತ್ತು ಎಂಬ ಹಳೆಯ ಐದು ಪಾಠಗಳನ್ನು ಮೆಲುದನಿಯಲ್ಲಿ ಹೇಳಿಕೊಂಡೇ ಚುಚ್ಚಿ. ಎರಡು ವಾರ ಕಳೆದರೂ ನಿದ್ದೆ ಮರಳದಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ ಒಂದು ಗಳಿಗೆಯೂ ತಡೆಯದೆ ಮನೋವೈದ್ಯರ ನೆರವು ಪಡೆಯಿರಿ. 2022ರ ಅಕ್ಟೋಬರಿನಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಗೆ ಫೋನು ಮಾಡಿದರೆ ಹಗಲಾಗಲಿ ಇರುಳಾಗಲಿ ಕನ್ನಡದಲ್ಲೇ ಮಾತನಾಡಬಹುದು.

ಮನೆಯವರೇ, ಕೊನೆಯ ಮಾತು ನಿಮಗೆ. ಮಗಳೋ ಸೊಸೆಯೋ ಇಂಥ ದಿನ ಮನೆಗೆ ಬಂದು ಸುಮ್ಮನೆ ಕುಳಿತರೆ, ‘ಅವಳ ಮೇಲೆ ನೀನೂ ಒಂದು ದೂರು ಹಾಕು’ ಎಂದು ಎಣ್ಣೆ ಸುರಿಯಬೇಡಿ. ‘ಕೆಲಸ ಬಿಟ್ಟುಬಿಡು’ ಎಂದೂ ಅವಸರದಲ್ಲಿ ಹೇಳಬೇಡಿ. ಊಟಕ್ಕೆ ಬಡಿಸಿ, ಹತ್ತಿರ ಕುಳಿತು, ‘ರೋಗಿ ಈಗ ಹೇಗಿದ್ದಾರಂತೆ?’ ಎಂದು ಕೇಳಿ. ನಡೆಯುವವನು ಎಡವದೆ ಕುಳಿತವನು ಎಡವುತ್ತಾನೆಯೆ ಎಂಬ ಗಾದೆಯನ್ನು ಆಮೇಲೆ ನೆನಪಿಸಿ. ಇನ್ನು ನೀವೇ ರೋಗಿಯ ಕಡೆಯವರಾಗಿ ಆಸ್ಪತ್ರೆಗೆ ಹೋದಾಗ, ದಾದಿ ಔಷಧಿ ಅಳೆಯುತ್ತಿರುವಾಗ ಮಾತನಾಡಿಸಬೇಡಿ. ಚುಚ್ಚುವ ಮುನ್ನ ‘ಇದು ಯಾವ ಔಷಧಿ, ಯಾರಿಗೆ?’ ಎಂದು ವಿನಯದಿಂದ ಕೇಳಿ. ಒಳ್ಳೆಯ ದಾದಿ ಅದಕ್ಕೆ ಬೇಸರಪಡುವುದಿಲ್ಲ. ಮನೆಯಲ್ಲೇ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಇವತ್ತೇ ಸೀಸೆಯ ಮೇಲಿನ 40 ಅಥವಾ 100 ಎಂಬ ಅಂಕಿಯನ್ನೂ ಸಿರಿಂಜಿನ ಮೇಲಿನ ಅಂಕಿಯನ್ನೂ ಪಕ್ಕಪಕ್ಕದಲ್ಲಿ ಹಿಡಿದು ನೋಡಿ. ಎರಡೂ ಒಂದೇ ಆಗಿರಬೇಕು.

ತಪ್ಪು ಮಾಡದ ದಾದಿಯನ್ನು ಯಾವ ಆಸ್ಪತ್ರೆಯೂ ಕೊಡಲಾರದು. ತಪ್ಪಾದಾಗ ಅದನ್ನು ಹೇಳಬಲ್ಲ, ಹೇಳಿದವರನ್ನು ಹಗೆಯೆಂದು ಎಣಿಸದ ದಾದಿಯರಿರುವ ಆಸ್ಪತ್ರೆಯನ್ನು ಮಾತ್ರ ನಾವೆಲ್ಲ ಸೇರಿ ಕಟ್ಟಬಹುದು.